ಬೂದಿಯ ಸಾಕ್ಷಿ

ಬಣ್ಣದ ಕೆಲಸ ಮಾಡುವವರ ಜಾಗದಲ್ಲಿ ಬಣ್ಣವೇ ಇರಕೂಡದು ಎಂದರೆ ಯಾರಿಗಾದರೂ ನಗು ಬಂದೀತು. ಆದರೆ ಧಾರವಾಡದ ಆ ಪ್ರಯೋಗಾಲಯದ ನಿಯಮ ಅದೇ ಆಗಿತ್ತು. ಗೋಡೆ ಬೂದು, ನೆಲ ಬೂದು, ಮೇಜು ಬೂದು. ಒಳಗೆ ಕಾಲಿಡುವವರು ಏನೇ ಉಟ್ಟಿರಲಿ, ಮೇಲೊಂದು ಬೂದು ನಿಲುವಂಗಿ ತೊಡಲೇಬೇಕು. ಕೆಂಪು ಸೀರೆಯವಳು ಪರದೆಯ ಮುಂದೆ ಕೂತರೆ ಆ ಕೆಂಪು ಪರದೆಗೂ ತಾಗುತ್ತದೆ, ನೋಡುವ ಕಣ್ಣಿಗೂ ತಾಗುತ್ತದೆ. ಅಲ್ಲಿಗೆ ಅಳತೆ ಕೆಟ್ಟಿತು ಅಂತಲೇ ಲೆಕ್ಕ. ಊರಿನವರು ಇದನ್ನೆಲ್ಲ ನೋಡಿ ಆ ಕಟ್ಟಡಕ್ಕೆ ಬೂದಿಮಠ ಎಂದು ಹೆಸರಿಟ್ಟಿದ್ದರು. ಆಟೊದವರಿಗೆ ಪ್ರಯೋಗಾಲಯ ಎಂದರೆ ತಿಳಿಯುತ್ತಿರಲಿಲ್ಲ. ಬೂದಿಮಠ ಎಂದರೆ ಸೀದಾ ಗೇಟಿಗೆ ತಂದು ಬಿಡುತ್ತಿದ್ದರು.

ನೀಲಗಂಗಾ ಆ ಬೂದಿಮಠದಲ್ಲಿ ಹಿರಿಯ ಎಂಜಿನಿಯರು. ಜರಡಿ ಎಂದು ಎಲ್ಲರೂ ಕರೆಯುತ್ತಿದ್ದ ಯಂತ್ರದ ಉಸ್ತುವಾರಿ ಅವಳದು. ಜರಡಿ ಮಾಡುವ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಯಾವ ಫೋಟೊದಲ್ಲೂ ಎರಡು ಸಂಗತಿ ಕಲೆತುಹೋಗಿರುತ್ತವೆ: ವಸ್ತುವಿನ ಬಣ್ಣ ಒಂದು, ಅದರ ಮೇಲೆ ಬಿದ್ದ ಬೆಳಕು ಇನ್ನೊಂದು. ಬಿಳಿ ಧೋತರ ಟ್ಯೂಬ್‌ಲೈಟಿನ ಕೆಳಗೆ ಹಸಿರಾಗುತ್ತದೆ, ಹಳೆಯ ಬಲ್ಬಿನ ಕೆಳಗೆ ಹಳದಿಯಾಗುತ್ತದೆ. ನಮ್ಮ ಕಣ್ಣು ಜಾಣ, ಒಳಗೊಳಗೇ ಸರಿಮಾಡಿಕೊಂಡು ಇದು ಬಿಳಿಯೇ ಎಂದು ಹೇಳಿಬಿಡುತ್ತದೆ. ಕ್ಯಾಮೆರಾಕ್ಕೆ ಆ ಜಾಣತನ ಇಲ್ಲ. ಜರಡಿ ಆ ಬೆಳಕನ್ನೂ ಬಣ್ಣವನ್ನೂ ಸೋಸಿ ಬೇರೆ ಮಾಡುತ್ತಿತ್ತು. ಹಾಗೆ ಸೋಸಬೇಕಾದರೆ ಫೋಟೊದೊಳಗಿನ ಒಂದು ವಸ್ತುವಾದರೂ ಇವತ್ತಿಗೂ ಕೈಗೆ ಸಿಗಬೇಕು. ಅದರ ನಿಜವಾದ ಬಣ್ಣ ಅಳೆದು, ಫೋಟೊದಲ್ಲಿ ಹೇಗೆ ಕಾಣುತ್ತಿದೆ ಎಂದು ತಾಳೆ ನೋಡಿದರೆ, ಅಂದು ಬಿದ್ದ ಬೆಳಕು ಎಂಥದು ಎಂದು ತಿಳಿಯುತ್ತದೆ. ಅಂಥ ವಸ್ತುವಿಗೆ ಬೂದಿಮಠದಲ್ಲಿ ಸಾಕ್ಷಿ ಎನ್ನುತ್ತಿದ್ದರು. ಜನ ಹಳೇ ಫೋಟೊ ಹಿಡಿದು ಬಂದರೆ ಬಾಗಿಲಲ್ಲಿ ಕೇಳುವ ಮೊದಲ ಮಾತೇ, ಸಾಕ್ಷಿ ತಂದೀರೇನ್ರಿ?

ಜನವೂ ತರುತ್ತಿದ್ದರು. ಹಿತ್ತಾಳೆ ತಂಬಿಗೆ, ತೊಟ್ಟಿಲ ಗಿಣಿ, ಮೆಟ್ಟಿಲಿನ ಒಂದು ಹಾಸುಗಲ್ಲನ್ನೇ ಕಿತ್ತು ತಂದವರೂ ಇದ್ದರು.

ಸೋಸಿದ ಚಿತ್ರವನ್ನು ಮೂಡಿಸುತ್ತಿದ್ದದ್ದು ಒಂದು ವಿಶೇಷ ಹಾಳೆಯ ಮೇಲೆ. ಆ ಹಾಳೆಗೆ ಸ್ವಂತ ಬೆಳಕಿಲ್ಲ. ಪರದೆಯ ಹಾಗೆ ಅದು ಹೊಳೆಯುವುದಿಲ್ಲ, ಮಾಮೂಲು ಕಾಗದದ ಹಾಗೆ ಒಂದೇ ಬಣ್ಣಕ್ಕೆ ಅಂಟಿಕೊಂಡೂ ಇರುವುದಿಲ್ಲ. ಅದರೊಳಗಿನ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳು ಚರ್ಮವಾದರೆ ಚರ್ಮ, ಬಟ್ಟೆಯಾದರೆ ಬಟ್ಟೆ ಬೆಳಕನ್ನು ಹೇಗೆ ನುಂಗಿ ಹೇಗೆ ಮರಳಿಸುತ್ತದೋ ಹಾಗೆಯೇ ಮಾಡುತ್ತಿದ್ದವು. ಬಿಸಿಲಿಗೆ ಹಿಡಿದರೆ ಚಿತ್ರದಲ್ಲಿರುವವರು ಬಿಸಿಲಲ್ಲಿ ಕೂತಂತೆ, ಚಿಮಣಿ ದೀಪದ ಮುಂದಿಟ್ಟರೆ ಚಿಮಣಿಯ ಮುಂದೆ ಕೂತಂತೆ. ಕೋಣೆ ಕತ್ತಲಾದರೆ ಚಿತ್ರವೂ ಕತ್ತಲಾಗುತ್ತಿತ್ತು. ಮೊದಲ ಸಲ ಇದನ್ನು ಕಂಡವರು ಸ್ವಲ್ಪ ಹೆದರುತ್ತಿದ್ದರು, ಆಮೇಲೆ ಬಿಟ್ಟು ಹೋಗಲು ಒಪ್ಪುತ್ತಿರಲಿಲ್ಲ.

ಊರ ಮಂದಿಗೆಲ್ಲ ಹೀಗೆ ಹಾಳೆ ಮಾಡಿಕೊಟ್ಟ ನೀಲಗಂಗಾ ತನ್ನ ಮನೆಗೆ ಮಾತ್ರ ಒಂದನ್ನೂ ಮಾಡಿಕೊಂಡಿರಲಿಲ್ಲ. ಅವ್ವನ ಫೋಟೊ ಗೋಡೆಯ ಮೇಲೆ ಚೆನ್ನಾಗಿಯೇ ಇತ್ತಲ್ಲ, ಅದಕ್ಕೇನಾಗಿದೆ ಎಂಬ ಭಾವನೆ.

ಅದಕ್ಕೆ ಏನಾಗಿದೆ ಎಂದು ತೋರಿಸಿಕೊಟ್ಟವನು ಅಪ್ಪ.

ಅಪ್ಪ ವೀರಭದ್ರಪ್ಪ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಆಯುಷ್ಯವೆಲ್ಲ ಹುಬ್ಬಳ್ಳಿ, ಸವದತ್ತಿ, ಬೈಲಹೊಂಗಲ ಎಂದು ಓಡಾಡಿ, ಈಗ ಮರೆವಿನ ರೋಗ ಹಿಡಿದು ಮನೆಯಲ್ಲಿ ಕೂತಿದ್ದ. ರೋಗ ಹಿಂದಿನಿಂದ ಮುಂದಕ್ಕೆ ಬರಲಿಲ್ಲ, ಮುಂದಿನಿಂದ ಹಿಂದಕ್ಕೆ ಹೋಯಿತು. ಮೊದಲು ನಿನ್ನೆಯದು ಅಳಿಸಿತು, ಆಮೇಲೆ ಹೋದ ವರ್ಷದ್ದು, ಆಮೇಲೆ ಹತ್ತು ವರ್ಷದ್ದು. ಹೆಂಡತಿ ಸಂಗವ್ವ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿತ್ತು. ಆ ಸಾವೂ ಒಂದು ದಿನ ಅಳಿಸಿಹೋಯಿತು. ಮಗಳೂ ಅಳಿಸಿಹೋದಳು. ನೀಲಗಂಗಾ ಎದುರಿಗೆ ಬಂದರೆ ಅವಳನ್ನು ಬಸ್ಸು ಹತ್ತಿದವಳೆಂದು ತಿಳಿದು, ಬಾಯಾರ, ಮುಂದ ಸರೀರಿ ಎನ್ನುತ್ತಿದ್ದ. ಮೊದಮೊದಲು ಅವಳು ನಗುತ್ತಿದ್ದಳು. ಈಚೆಗೆ ಆ ಮಾತು ಕೇಳಿದ ಕೂಡಲೇ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಇದೆಲ್ಲ ಹೇಗೋ ನಡೆದೀತು. ನಡೆಯದ್ದು ಊಟ.

ಅಪ್ಪ ಕೆಲಸದಲ್ಲಿದ್ದ ದಿನಗಳಲ್ಲಿ ಎಷ್ಟೇ ಹೊತ್ತಾಗಲಿ, ಸಂಗವ್ವ ಅವನು ಬರುವ ತನಕ ಉಣ್ಣದೆ ಕಾದಿರುತ್ತಿದ್ದಳು. ಅದಕ್ಕೆ ಬದಲಾಗಿ ರಜೆಯ ದಿನ ಅವನು ಕಾಯುತ್ತಿದ್ದ. ಅವಳು ಕೆಲಸ ಮುಗಿಸಿ, ಕೈ ತೊಳೆದು, ಎದುರಿಗೆ ಬಂದು ಕೂತ ಮೇಲೆಯೇ ರೊಟ್ಟಿ ಮುರಿಯುತ್ತಿದ್ದ. ಈಗ ಅವನ ತಲೆಯೊಳಗೆ ದಿನವೂ ರಜೆ. ದಿನವೂ ಸಂಗವ್ವ ಇನ್ನೇನು ಬರುತ್ತಾಳೆ. ತಾಟು ಮುಂದಿಟ್ಟರೆ ಬಾಗಿಲ ಕಡೆ ನೋಡಿ, "ಆಕಿ ಬರ್ಲಿ, ಬಂದ ಮ್ಯಾಲ ಉಣ್ತೀನಿ," ಎಂದು ಸುಮ್ಮನೆ ಕೂತುಬಿಡುತ್ತಿದ್ದ. ಒತ್ತಾಯ ಮಾಡಿದರೆ ನಾಲ್ಕು ಗುಟುಕು ಹಾಲು, ಅಷ್ಟೇ. ಮೈ ದಿನದಿನಕ್ಕೆ ಇಳಿದು, ಅಂಗಿ ಬೇರೆಯವರದೋ ಎಂಬಂತೆ ಜೋಲತೊಡಗಿತು. ಮನೆಗೆ ಬಂದು ನೋಡಿದ ಡಾಕ್ಟರು, ಸೋಮವಾರದೊಳಗೆ ತಾನಾಗಿ ಉಣ್ಣದಿದ್ದರೆ ಮೂಗಿನಿಂದ ನಳಿಗೆ ಹಾಕಿಸಲೇಬೇಕಾಗುತ್ತದೆ, ಹಾಕಿದರೆ ಕಿತ್ತುಕೊಳ್ಳದ ಹಾಗೆ ಕೈ ಕಟ್ಟಬೇಕಾಗುತ್ತದೆ ಎಂದು ಹೇಳಿ ಹೋದರು. ಇಡೀ ಜನ್ಮ ಜನರ ನಡುವೆ ತೂರಿಕೊಂಡು ಓಡಾಡಿದ ಅಪ್ಪನ ಕೈಯನ್ನು ಮಂಚಕ್ಕೆ ಕಟ್ಟುವುದು ನೀಲಗಂಗಾಗೆ ನೆನೆಸಿಕೊಳ್ಳಲೂ ಆಗಲಿಲ್ಲ.

ಅವ್ವ ತೀರಿಕೊಂಡಿದ್ದಾಳೆ ಎಂದು ಹೇಳಿ ನೋಡಲಿಲ್ಲವೇ ಎಂದರೆ, ಹೇಳಿದ್ದರು. ಅಪ್ಪನ ತಂಗಿ ಬಸಲಿಂಗವ್ವ ಇವರ ಜೊತೆಗೇ ಇದ್ದಳು. ಬಾಯಿ ಜೋರು, ಮನಸ್ಸು ಮೆತ್ತಗೆ. ಅವಳೇ ಅಣ್ಣನ ಕೈ ಹಿಡಿದು ಗೋಡೆಯ ಮುಂದೆ ನಿಲ್ಲಿಸಿ, ಗಂಧದ ಮಾಲೆ ಹಾಕಿದ ಫೋಟೊ ತೋರಿಸಿ, ನೋಡಣ್ಣಾ, ವೈನಿ ಹೋಗಿಬಿಟ್ಟಾಳ ಎಂದು ಅತ್ತುಕೊಂಡು ಹೇಳಿದ್ದಳು. ಅಪ್ಪ ಫೋಟೊವನ್ನು ಮರ್ಯಾದೆಯಿಂದ ನೋಡಿದ. ಕೈಮುಗಿದ. ಆಮೇಲೆ ತಂಗಿಯ ಕಡೆ ತಿರುಗಿ ದನಿ ಇಳಿಸಿ, "ಪಾಪ, ಯಾರಬೇ ಈ ಬಾಯಾರು? ಮಂದಿ ಹೆಣ್ಮಗಳ ಫೋಟೊ ನಮ್ಮ ಮನ್ಯಾಗ ಯಾಕ ಹಾಕೀರಿ?" ಎಂದು ಕೇಳಿದ.

ರೋಗದ ಮಾತು ಎಂದು ಬಸಲಿಂಗವ್ವ ಕಣ್ಣೊರೆಸಿಕೊಂಡಳು. ನೀಲಗಂಗಾ ಮಾತ್ರ ಅಲ್ಲಿಯೇ ನಿಂತು ಫೋಟೊ ನೋಡಿದಳು. ಅದನ್ನು ತೆಗೆದವಳು ಅವಳೇ. ಓದಲು ಹಾಸ್ಟೆಲಿಗೆ ಹೊರಟ ಬೆಳಿಗ್ಗೆ, ಮನೆಯ ಮುಂದಿನ ಕಟ್ಟೆಯ ಮೇಲೆ ಅವ್ವನನ್ನು ಕೂರಿಸಿ ತನ್ನ ಫೋನಿನಲ್ಲಿ ತೆಗೆದದ್ದು. ಅವ್ವ ಆಗಷ್ಟೇ ಪೂಜೆ ಮುಗಿಸಿ ಬಂದಿದ್ದಳು. ಹಸಿರು ಇಳಕಲ್ ಸೀರೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೆಳಗೆ ಕುಂಕುಮ. ಮುಖ ಹಾಲಿನಂತೆ ಬಿಳಿ.

ಹಾಲಿನಂತೆ ಬಿಳಿ. ಇಷ್ಟು ವರ್ಷ ಬಣ್ಣದ ಕೆಲಸ ಮಾಡಿದವಳಿಗೆ ಅಂದು ಮೊದಲ ಸಲ ಆ ಬಿಳಿಯ ಮೇಲೆ ಸಂಶಯ ಬಂತು.

ಅದು ಫೋನುಗಳು ತಾವೇ ಬುದ್ಧಿ ಓಡಿಸಲು ಕಲಿತ ಕಾಲ. ಮಂದಿಗೆ ತಮ್ಮ ಮುಖ ಬೆಳ್ಳಗೆ ಕಂಡರೆ ಖುಷಿ ಎಂಬುದನ್ನು ಯಾರೋ ಅವುಗಳಿಗೆ ಕಲಿಸಿಟ್ಟಿದ್ದರು. ಯಾರೂ ಕೇಳದೆ, ಯಾರಿಗೂ ಹೇಳದೆ, ಅವು ಮುಖ ಎಲ್ಲಿದೆ ಎಂದು ಹುಡುಕಿ ಮುಖಕ್ಕಷ್ಟೇ ಸುಣ್ಣ ಬಳಿಯುತ್ತಿದ್ದವು. ಇಡೀ ನಾಡಿನ ಮಂದಿ ಒಂದು ತಲೆಮಾರಿನ ತನಕ ತಮ್ಮವರನ್ನೇ ತಪ್ಪು ಬಣ್ಣದಲ್ಲಿ ತೆಗೆದಿಟ್ಟುಕೊಂಡರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆ ಹೇಳಿದವರ ಮನೆಯಲ್ಲೇ ಹೀಗಾಯಿತು.

ನೀಲಗಂಗಾ ಅತ್ತೆಯನ್ನು ಕೇಳಿದಳು, ಅವ್ವನ ಬಣ್ಣ ಹೇಗಿತ್ತು ಎಂದು. ಬಸಲಿಂಗವ್ವ ಇದೆಂಥ ಪ್ರಶ್ನೆ ಎಂಬಂತೆ ನೋಡಿ, "ಫೋಟೊದಾಗ ಕಾಣಂಗಿಲ್ಲೇನ? ಬೆಳ್ಳಗ ಇದ್ಲು. ನೀ ನಿಮ್ಮಪ್ಪನ ಬಣ್ಣ ತಗೊಂಡೀ," ಎಂದಳು. ನೀಲಗಂಗಾಳ ನೆನಪೂ ಹಾಗೆಯೇ ಹೇಳುತ್ತಿತ್ತು. ಕಣ್ಣು ಮುಚ್ಚಿದರೆ ಅವಳಿಗೆ ಕಾಣುತ್ತಿದ್ದದ್ದು ಕಟ್ಟೆಯ ಮೇಲೆ ಕೂತ ಬಿಳಿ ಮುಖದ ಅವ್ವ. ಒಲೆಯ ಮುಂದಿನ ಅವ್ವ, ಹಿತ್ತಲಲ್ಲಿ ಬಟ್ಟೆ ಹಿಂಡುವ ಅವ್ವ ಬರಲೇ ಇಲ್ಲ. ಬಂದರೂ ಫೋಟೊದ ಮುಖ ಹೊತ್ತುಕೊಂಡೇ ಬರುತ್ತಿದ್ದಳು. ಫೋಟೊ ನೋಡಿ ನೋಡಿ ನೆನಪೂ ಅದರ ಬಣ್ಣಕ್ಕೆ ತಿರುಗಿತ್ತು. ಅಪ್ಪನ ರೋಗ ಫೋಟೊ ನೋಡಿದ ಇಪ್ಪತ್ತು ವರ್ಷವನ್ನು ಒರೆಸಿ ಹಾಕಿ, ಅದರ ಹಿಂದಿನ ಹೆಂಡತಿಯನ್ನು ಹಾಗೇ ಉಳಿಸಿತ್ತು. ಹಾಗಿದ್ದರೆ ಮನೆಯಲ್ಲಿ ಸಂಗವ್ವನ ಮುಖ ನೆನಪಿದ್ದವನು ಅವನೊಬ್ಬನೇ.

ಇಷ್ಟು ಹೊಳೆದ ಮೇಲೆ ಅವಳಿಗೆ ಹುರುಪು ಬಂತು. ಅವ್ವನ ನಿಜವಾದ ಮುಖವನ್ನು ತಾಟಿನ ಎದುರಿಗೆ ಇಟ್ಟರೆ, ಅವಳು ಬಂದು ಕೂತಳೆಂದುಕೊಂಡು ಅಪ್ಪ ಉಂಡಾನು. ಸೋಮವಾರಕ್ಕೆ ಇನ್ನೂ ನಾಲ್ಕೈದು ದಿನ ಇತ್ತು.

ಸಾಕ್ಷಿಗಾಗಿ ಪೆಟ್ಟಿಗೆಯಿಂದ ಆ ಹಸಿರು ಇಳಕಲ್ ಸೀರೆ ತೆಗೆದು ಬೂದಿಮಠಕ್ಕೆ ಒಯ್ದಳು. ಜರಡಿಯ ಮೇಲೆ ಅವಳ ಜೊತೆ ಕೆಲಸ ಮಾಡುತ್ತಿದ್ದವನು ಇನಾಯತ್ ಮುಲ್ಲಾ. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಅಕ್ಕಾ ಎಂದು ಕರೆಯುತ್ತಿದ್ದ, ತಮಾಷೆ ಮಾಡದೆ ಒಂದು ಗಂಟೆ ಇರಲಾರದವನು. ಅಂದು ಮಾತ್ರ ಅವನು ತಮಾಷೆ ಮಾಡಲಿಲ್ಲ. ಸೀರೆಯನ್ನು ಅಳೆದರು, ಫೋಟೊಕ್ಕೆ ತಾಳೆ ಹಾಕಿದರು, ಪ್ರಯೋಗದ ಹಾಳೆಯ ಮೇಲೆ ಚಿತ್ರ ಮೂಡಿಸಿದರು. ಕಟ್ಟೆಯ ಕಲ್ಲು ಸ್ವಲ್ಪ ಕೆಂಪಾಗಿ ಬಂತು. ಮುಖ ಇನ್ನೂ ಬಿಳಿಯೇ, ಮೇಲಿಂದ ಕಾಮಾಲೆ ಹತ್ತಿದವರಂತೆ ಒಂದು ಹಳದಿ ಛಾಯೆ.

ಇದು ಸರಿಯಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಆದರೂ ಆಸೆ ಎಂಬುದು ಕೆಟ್ಟದ್ದು. ಅವಳು ಹಾಳೆಯನ್ನು ಮನೆಗೆ ಒಯ್ದು ಅಪ್ಪನ ತಾಟಿನ ಎದುರಿಗೆ ಒರಗಿಸಿ ಇಟ್ಟಳು. ಅಪ್ಪ ತುಸು ಬಗ್ಗಿ ನೋಡಿ, ಈ ಬಾಯಾರಿಗೆ ಮೈಯಾಗ ಆರಾಮ ಇಲ್ಲೇನು, ಒಂದು ಸೀಟು ಕೊಡ್ರಿ ಎಂದು ಪಕ್ಕಕ್ಕೆ ಸರಿದು ಕೂತ. ಬಸಲಿಂಗವ್ವ ಸೆರಗು ಬಾಯಿಗೊತ್ತಿಕೊಂಡು ನಕ್ಕಳು, ನಗುತ್ತಲೇ ಅತ್ತಳು. ತಾಟು ಹಾಗೆಯೇ ಹಿಂದಕ್ಕೆ ಹೋಯಿತು.

ತಪ್ಪು ಎರಡು ಕಡೆ ಆಗಿತ್ತು. ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲಿದ್ದರೂ ಸೀರೆ ಅದಕ್ಕೆ ಮೊದಲು ಎಷ್ಟೋ ಒಗೆತ ಕಂಡು ಮಾಸಿತ್ತು, ಫೋಟೊದ ದಿನದ ಬಣ್ಣ ಅದರಲ್ಲಿ ಉಳಿದಿರಲಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದು. ಸೀರೆ ಹೇಳಬಲ್ಲದ್ದು ಬಿಸಿಲಿನ ಮಾತು ಮಾತ್ರ. ಫೋನು ಸುಣ್ಣ ಬಳಿದದ್ದು ಮುಖಕ್ಕೆ. ಸೀರೆಗೆ ಆ ಸುದ್ದಿಯೇ ಗೊತ್ತಿಲ್ಲ. ಮುಖದ ಸಾಕ್ಷಿ ಮುಖದ ಮೇಲೇ ಇದ್ದಿರಬೇಕು, ಇವತ್ತಿಗೂ ಮಾಸದೆ ಇರಬೇಕು. ಅಂಥದ್ದು ಎಲ್ಲಿಂದ ತರುವುದು? ಮೂಗುತಿ, ಬೆಂಡೋಲೆಗಳನ್ನು ಅವ್ವನ ನಂತರ ಕರಗಿಸಿ ನೀಲಗಂಗಾಗೇ ಬಳೆ ಮಾಡಿಸಿದ್ದರು. ಕುಂಕುಮ ಯಾವ ಅಂಗಡಿಯದೋ.

ಮರುದಿನ ಶನಿವಾರ. ಬೆಳಿಗ್ಗೆ ಅವಳು ಚಹಾ ಹಿಡಿದು ಪಡಸಾಲೆಗೆ ಬಂದಾಗ ಬಸಲಿಂಗವ್ವ ಅಣ್ಣನಿಗೆ ಮೈ ತೊಳೆಸಿ, ದೇವರ ಜಗಲಿಯ ಮುಂದೆ ಕೂರಿಸಿ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ದಿನವೂ ನಡೆಯುವ ಕೆಲಸ, ದಿನವೂ ನೀಲಗಂಗಾ ನೋಡುವ ನೋಟ. ಹಿತ್ತಲ ಗಿಡ ಮದ್ದಲ್ಲ ಎಂಬುದು ಇದಕ್ಕೇ ಇರಬೇಕು. ಚಹಾದ ಬಟ್ಟಲು ಹಿಡಿದವಳು ಹಾಗೆಯೇ ನಿಂತುಬಿಟ್ಟಳು.

ವಿಭೂತಿಯ ಆ ಗಟ್ಟಿ ಎಲ್ಲಿಯದು ಎಂದು ಕೇಳಿದಳು. ಬಸಲಿಂಗವ್ವ, ಎಲ್ಲಿಯದೆಂದರೆ ಏನು, ನಿಮ್ಮವ್ವ ಮಠದಿಂದ ಒಂದು ಬುಟ್ಟಿ ತಂದಿಟ್ಟಿದ್ದಳು, ಅಣ್ಣ ಬೇರೆಯದನ್ನು ಹಚ್ಚಗೊಡುವುದಿಲ್ಲ, ಅದರಲ್ಲಿ ಇದೇ ಕಡೆಯದು ಎಂದಳು. ಗಟ್ಟಿ ಸವೆದು ಸವೆದು ಹುಣಸೆಬೀಜದ ಎರಡರಷ್ಟು ಉಳಿದಿತ್ತು.

"ಅತ್ತಿ, ಇಬತ್ತಿ ಬಣ್ಣ ಏನರ ಬದಲಾಗೈತೇನು ಇಷ್ಟು ವರ್ಷದಾಗ?"

"ಸುಟ್ಟದ್ದು ಇನ್ನೇನ ಬದಲಾಗ್ತೈತಿ, ಹುಚ್ಚಿ," ಎಂದಳು ಬಸಲಿಂಗವ್ವ.

ಆ ಬೆಳಿಗ್ಗೆ ನೀಲಗಂಗಾ ಬಾಳೆಯ ಎಲೆಯಲ್ಲಿ ಸುತ್ತಿದ ಗಟ್ಟಿಯನ್ನು ಎದೆಗೊತ್ತಿಕೊಂಡು ಆಟೊ ಹತ್ತಿದಳು. ಬೂದಿಮಠ ಎಂದಾಗ ಆಟೊದವನು ಅವಳ ಕೈಯನ್ನೂ ಮುಖವನ್ನೂ ನೋಡಿ, ಇವತ್ತು ಅಲ್ಲಿ ಏನರ ಪೂಜಾ ಐತೇನ್ರಿ ಎಂದು ಕೇಳಿದ. ಹೌದು ಎಂದಳು.

ಇನಾಯತ್‌ಗೆ ಅವಳು ವಿವರಿಸಿ ಹೇಳಬೇಕಾಗಲಿಲ್ಲ. ಪರದೆಯ ಮೇಲೆ ಸಂಗವ್ವನ ಹಣೆಯನ್ನು ದೊಡ್ಡದು ಮಾಡಿದ. ಒದ್ದೆ ಬೆರಳಿನಿಂದ ಎಳೆದ ವಿಭೂತಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ; ಬೆರಳು ಇಟ್ಟ ಕಡೆ ದಪ್ಪ, ಎಳೆಯುತ್ತ ಹೋದಂತೆ ತೆಳು, ಎತ್ತಿದ ಕಡೆ ಬರೀ ಚರ್ಮ. ಅಂದರೆ ಬಿಳಿಯಿಂದ ಚರ್ಮದ ಬಣ್ಣಕ್ಕೆ ಇಳಿಯುವ ಒಂದು ಇಳಿಜಾರು ಆ ಹಣೆಯ ಮೇಲೇ ಇತ್ತು. ಮುಖ ಬೆಳ್ಳಗೆ ಮಾಡುವಾಗ ಫೋನು ಆ ಇಳಿಜಾರನ್ನೂ ಎತ್ತರಿಸಿಬಿಟ್ಟಿತ್ತು. ನಿಜವಾದ ಇಳಿಜಾರು ಹೇಗಿರುತ್ತದೆ ಎಂದು ತಿಳಿದರೆ, ಫೋನು ಎಷ್ಟು ಸುಳ್ಳು ಹೇಳಿದೆ ಎಂಬ ಲೆಕ್ಕ ಸಿಗುತ್ತದೆ. ಸಿಕ್ಕ ಲೆಕ್ಕವನ್ನು ಇಡೀ ಮುಖದಿಂದ ಕಳೆಯುತ್ತ ಬಂದರೆ ಆಯಿತು.

ಆದರೆ ಇದೇ ಬೂದಿ ಒಂದು ಹಣೆಯ ಮೇಲೆ ತೆಳುವಾಗುತ್ತ ಹೋಗುವುದನ್ನು ಅಳೆಯಬೇಕಿತ್ತು. ಗಾಜಿನ ಮೇಲೆ ಎಳೆದರೆ ಚರ್ಮದ ಮೇಲಿನಂತೆ ಕೂರುವುದಿಲ್ಲ. ತನ್ನ ಹಣೆಗೆ ಹಚ್ಚಿ ನೋಡೋಣವೇ ಎಂದು ಇನಾಯತ್ ಕೇಳಿದ. ಬೇಡ, ಎಂದಳು ನೀಲಗಂಗಾ.

ಹಾಸ್ಟೆಲು ಸೇರಿದ ಮೇಲೆ ಅವಳು ವಿಭೂತಿ ಹಚ್ಚುವುದನ್ನು ಬಿಟ್ಟಿದ್ದಳು. ಬೇಕೆಂದು ಬಿಟ್ಟದ್ದಲ್ಲ, ಬಿಟ್ಟುಹೋಗಿತ್ತು. ಈಗ ಅಂಗೈಯಲ್ಲಿ ಎರಡು ಹನಿ ನೀರು ಹಾಕಿಕೊಂಡು ಗಟ್ಟಿಯನ್ನು ತೇಯ್ದಳು. ಮೂರು ಬೆರಳು ಅದ್ದಿದಳು. ಎಡದಿಂದ ಬಲಕ್ಕೆ ಎಳೆದಳು. ಚಿಕ್ಕವಳಿದ್ದಾಗ ಅವ್ವ ಅವಳ ಗದ್ದ ಹಿಡಿದು, ಅಲುಗಾಡಬ್ಯಾಡ, ಸೊಟ್ಟಾಗ್ತೈತಿ ಎಂದು ಬೈಯುತ್ತ ಹಚ್ಚುತ್ತಿದ್ದಳು. ಆ ತಣ್ಣಗಿನ ಸ್ಪರ್ಶ ಹಣೆಗೆ ನೆನಪಿತ್ತು. ಅವ್ವನ ಬಣ್ಣ ಮರೆತಿದ್ದ ಅವಳಿಗೆ ಅವ್ವನ ಬೆರಳು ನೆನಪಿತ್ತು. ಅಳತೆಯ ಪೀಠದ ಮೇಲೆ ಗದ್ದ ಊರಿ ಕೂತವಳ ಕಣ್ಣಿಂದ ನೀರು ಇಳಿಯಿತು. ಇನಾಯತ್ ಅದು ಒಣಗುವ ತನಕ ಯಂತ್ರ ಶುರುಮಾಡಲಿಲ್ಲ. ಒದ್ದೆ ಆದರೆ ಅಳತೆ ತಪ್ಪುತ್ತದೆ ಎಂದು ನೆಪ ಹೇಳಿದ.

ಜರಡಿ ಆ ಮಧ್ಯಾಹ್ನವೆಲ್ಲ ಕೆಲಸ ಮಾಡಿತು. ಹಾಳೆ ಮೂಡುವಾಗ ಮೊದಲು ಕಟ್ಟೆ ಬಂತು, ಆಮೇಲೆ ಸೀರೆ. ಆ ಹಸಿರು ಎಂಥ ಹಸಿರು! ಪೆಟ್ಟಿಗೆಯಲ್ಲಿದ್ದ ಸೀರೆಗೆ ಅದರ ಅರ್ಧವೂ ಉಳಿದಿರಲಿಲ್ಲ. ಕಡೆಗೆ ಮುಖ ಬಂತು.

ನೀಲಗಂಗಾ ಒಂದು ಗಳಿಗೆ ಅದನ್ನು ಗುರುತಿಸಲಿಲ್ಲ. ಹಾಳೆಯ ಮೇಲೆ ಕೂತಿದ್ದವಳು ಎಣ್ಣೆಗಪ್ಪು ಬಣ್ಣದ ಹೆಂಗಸು. ಕೆನ್ನೆಯ ಮೇಲೆ ಬಿಸಿಲಿನ ಒಂದು ಹೊಳಪು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು, ಮೂಗಿನ ಪಕ್ಕಕ್ಕೆ ಒಂದು ಸಣ್ಣ ಮಚ್ಚೆ. ಆ ಮಚ್ಚೆ ಇತ್ತೆಂಬುದೇ ಅವಳಿಗೆ ಮರೆತುಹೋಗಿತ್ತು. ಅದು ಬಿಳಿಯ ಕೆಳಗೆ ಇಷ್ಟು ವರ್ಷ ಸುಮ್ಮನೆ ಕಾದಿತ್ತು. ಕಪ್ಪು ಹಣೆಯ ಮೇಲೆ ವಿಭೂತಿ ಎದ್ದು ಕಾಣುತ್ತಿತ್ತು. ಮಗಳು ಹೊರಟಿದ್ದಾಳೆಂದು ಅತ್ತು, ಅತ್ತದ್ದು ಗೊತ್ತಾಗದಿರಲೆಂದು ನಗುತ್ತಿದ್ದ ಮುಖ ಅದು. ಆ ಅಳುವನ್ನೂ ಫೋನು ಒರೆಸಿ ಹಾಕಿತ್ತು.

ಇನಾಯತ್ ಹಾಳೆಯನ್ನು ನೋಡಿದ, ಅವಳನ್ನು ನೋಡಿದ. "ಅಕ್ಕಾ, ನಿಮ್ಮದ ಬಣ್ಣ," ಎಂದ.

ಅವಳು ನಿಲುವಂಗಿಯ ತೋಳು ಮೇಲೆ ಸರಿಸಿ ತನ್ನ ಮುಂಗೈಯನ್ನು ಅವ್ವನ ಕೆನ್ನೆಯ ಪಕ್ಕಕ್ಕೆ ಹಿಡಿದಳು. ಒಂದೇ ಬೆಳಕು, ಒಂದೇ ಬಣ್ಣ. ಅಪ್ಪನ ಬಣ್ಣ ಅಪ್ಪನ ಬಣ್ಣ ಎಂದು ಇಪ್ಪತ್ತು ವರ್ಷ ಕೇಳಿಸಿಕೊಂಡು ಬಂದಿದ್ದಳು. ಅವ್ವನಿಂದ ತನಗೇನೂ ಬರಲಿಲ್ಲವಲ್ಲ ಎಂಬ ಕೊರಗನ್ನು ಯಾರ ಮುಂದೂ ಆಡಿರಲಿಲ್ಲ. ಈಗ ಬೂದುಗೋಡೆಯ ಆ ಕೋಣೆಯಲ್ಲಿ ಕೂತು ಅವಳು ಬಾಯಿಬಿಟ್ಟು ಅತ್ತಳು, ಅವ್ವಾ ನಿನ್ನ ಗುರುತು ಹಿಡಿಯಲಿಲ್ಲಲ್ಲ ಎಂದು.

ಮರುದಿನ ಸಂಜೆ ಮನೆಯಲ್ಲಿ ಒಂದು ಚಿಕ್ಕ ಜಗಳ ಆಯಿತು. ಹಾಳೆಯನ್ನು ಅವ್ವ ಕೂರುತ್ತಿದ್ದ ಮಣೆಯ ಮೇಲೆ, ಅಪ್ಪನ ತಾಟಿನ ಎದುರಿಗೆ ಇಡುವುದು ಎಂದು ನಿರ್ಧಾರವಾಗಿತ್ತು. ಪ್ರಶ್ನೆ ಇದ್ದದ್ದು ಮಾಲೆಯದು. ತೀರಿಕೊಂಡವರ ಫೋಟೊಕ್ಕೆ ಮಾಲೆ ಹಾಕದೆ ಇಡುವುದು ಒಳ್ಳೆಯದಲ್ಲ ಎಂದು ಬಸಲಿಂಗವ್ವನಿಗೆ ಅಳುಕು. ಆದರೆ ಮಾಲೆ ಹಾಕಿದರೆ ಅಣ್ಣನಿಗೆ ಗೊತ್ತಾಗಿಬಿಟ್ಟರೆ? ಹೆಂಡತಿ ಇಲ್ಲವೆಂದು ಈಗ ತಿಳಿದರೆ ಆ ಜೀವ ತಡೆದೀತೇ? ಕಡೆಗೆ ಅವಳೇ, ಬೇಡ, ಮಾಲೆ ಬೇಡ, ಆಕಿ ಬಂದು ಕುಂತಾಳಂತ ಉಣ್ಣಲಿ, ಸುಳ್ಳಾದರೂ ಹೊಟ್ಟೆಗೆ ಹೋದದ್ದು ಸುಳ್ಳಲ್ಲ ಎಂದಳು. ನೀಲಗಂಗಾ ಒಪ್ಪಿದಳು. ಮುಖಕ್ಕೆ ಬಳಿದ ಸುಣ್ಣ ತೆಗೆಯಲು ಇಷ್ಟು ಕಷ್ಟಪಟ್ಟು, ಈಗ ಮತ್ತೊಂದು ಸುಳ್ಳಿಗೆ ಕೈ ಹಾಕುತ್ತಿದ್ದೇನಲ್ಲ ಎಂದು ಒಳಗೆ ಚುಚ್ಚಿತು. ಆದರೆ ಮರುದಿನವೇ ಸೋಮವಾರ.

ಅಪ್ಪನನ್ನು ತಂದು ಕೂರಿಸಿದರು. ಪಡಸಾಲೆಯ ಕಿಟಕಿಯಿಂದ ಇಳಿಬಿಸಿಲು ಬಂದು ಅವನ ಮೊಣಕಾಲಿನ ಮೇಲೂ ಎದುರಿನ ಹಾಳೆಯ ಮೇಲೂ ಬಿದ್ದಿತ್ತು. ಅದೇ ಬಿಸಿಲು ಸಂಗವ್ವನ ಕೆನ್ನೆಯ ಮೇಲೂ ಇತ್ತು. ಅಪ್ಪ ಬಾಗಿಲ ಕಡೆ ನೋಡಿದ, ತಾಟು ನೋಡಿದ, ಆಮೇಲೆ ಎದುರಿಗೆ ನೋಡಿದ.

ಬಹಳ ಹೊತ್ತು ನೋಡಿದ. ಮುಂದಕ್ಕೆ ಬಾಗಿ, ಬೆರಳಿನಿಂದ ಹಾಳೆಯ ಮೇಲಿನ ಹಣೆಯನ್ನು ಮುಟ್ಟಿದ. ವಿಭೂತಿಯ ಮೂರು ಗೆರೆಗಳ ಮೇಲೆ ಬೆರಳು ಎಡದಿಂದ ಬಲಕ್ಕೆ ಹೋಯಿತು.

"ಕುಂದ್ರಿಸಿದಾಗ ಹಿಂಗ ಇತ್ತು," ಎಂದ. "ನಾನ ಹಚ್ಚಿದ್ದೆ."

ಬಸಲಿಂಗವ್ವ ಶಿವನೇ ಎಂದು ಗೋಡೆಗೆ ಒರಗಿದಳು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ; ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮಾಲೆ ಹಾಕಿ ಕೂರಿಸುತ್ತಾರೆ. ಅಂದು ಸಂಗವ್ವನ ಹಣೆಗೆ ಕಡೆಯ ವಿಭೂತಿ ಹಚ್ಚಿದವನು ಗಂಡನೇ. ರೋಗ ಎಲ್ಲವನ್ನೂ ಒರೆಸುತ್ತ ಹೋದಾಗ ಅದೊಂದು ಅವನ ಬೆರಳಿನಲ್ಲಿ ಎಲ್ಲೋ ಉಳಿದುಬಿಟ್ಟಿತ್ತು.

ಅಪ್ಪ ತಿರುಗಿ ನೀಲಗಂಗಾಳನ್ನು ಕೇಳಿದ: "ಆಕಿ ಹೋಗ್ಯಾಳಲ್ಲ?"

ಇಲ್ಲ ಎನ್ನಬಹುದಿತ್ತು. ಇಲ್ಲಪ್ಪಾ, ಎದುರಿಗೇ ಕುಂತಾಳ, ಉಣ್ಣು ಎಂದರೆ ಅವನು ನಂಬಿ ಉಣ್ಣಲೂಬಹುದಿತ್ತು. ಹೌದು ಎಂದರೆ ಇನ್ನು ಹಾಲೂ ಮುಟ್ಟದೆ ಹೋಗಬಹುದಿತ್ತು. ಬಸಲಿಂಗವ್ವ ಗೋಡೆಯ ಬಳಿಯಿಂದ ಬೇಡ ಬೇಡ ಎಂದು ಕೈಯಾಡಿಸಿದಳು. ನೀಲಗಂಗಾ ಅವ್ವನ ಮುಖ ನೋಡಿದಳು.

"ಹೌದಪ್ಪಾ. ಭಾಳ ವರ್ಷ ಆತು."

"ಮತ್ತ ನನಗ ಯಾರೂ ಹೇಳಲಿಲ್ಲ."

"ಹೇಳಿದ್ವಿ. ಬ್ಯಾರೆ ಯಾರದೋ ಫೋಟೊ ತೋರಿಸಿ ಹೇಳಿದ್ವಿ," ಎಂದಳು. ಅ‌ಷ್ಟು ಹೇಳಿ ಹಾಳೆಯನ್ನು ಅಪ್ಪನ ಕಡೆ ಇನ್ನೂ ಹತ್ತಿರಕ್ಕೆ ಸರಿಸಿದಳು.

ಅಪ್ಪ ಅತ್ತ. ದನಿ ತೆಗೆದು ಅತ್ತ, ಸುದ್ದಿ ಈಗಷ್ಟೇ ಬಂದವನ ಹಾಗೆ. ಅವನ ಪಾಲಿಗೆ ಸುದ್ದಿ ಈಗಷ್ಟೇ ಬಂದಿತ್ತು. ಬಸಲಿಂಗವ್ವನೂ ಬಂದು ಅಣ್ಣನ ಬೆನ್ನಿಗೆ ಆತುಕೊಂಡು ಕೂತು ಅತ್ತಳು. ವೈನಿಯ ಮೂಗಿನ ಪಕ್ಕದ ಮಚ್ಚೆಯನ್ನು ನೋಡಿ, ಅಯ್ಯೋ ಇದನ್ನ ನಾ ಮರತ ಬಿಟ್ಟಿದ್ದೆನಲ್ಲ ಎಂದು ಮತ್ತೆ ಅತ್ತಳು. ಗೋಡೆಯ ಮೇಲಿದ್ದ ಗಂಧದ ಮಾಲೆಯನ್ನು ನೀಲಗಂಗಾ ತೆಗೆದು ಅಪ್ಪನ ಕೈಗೆ ಕೊಟ್ಟಳು. ಅವನೇ ಹಾಳೆಗೆ ಹಾಕಿದ, ಸೊಟ್ಟಗಾದದ್ದನ್ನು ಎರಡು ಸಲ ಸರಿಮಾಡಿದ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರು ರೊಟ್ಟಿ ತಂದು, ಹೋದವರ ಹಿಂದೆ ಹೋಗಲಿಕ್ಕೆ ಬರೂದಿಲ್ಲ, ಒಂದು ತುತ್ತು ತಿನ್ನಿರಿ ಎಂದು ದುಃಖದವರ ಬಾಯಿಗೆ ತಾವೇ ಇಡುತ್ತಾರೆ. ಅಂಥ ತುತ್ತನ್ನು ಯಾರೂ ಒಲ್ಲೆನೆನ್ನುವುದಿಲ್ಲ. ನೀಲಗಂಗಾ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ತುತ್ತು ಮಾಡಿ ಅಪ್ಪನ ಬಾಯಿಯ ಹತ್ತಿರ ಒಯ್ದಳು. ಅಪ್ಪ ಹಾಳೆಯನ್ನೊಮ್ಮೆ ನೋಡಿದ. ಬಾಗಿಲ ಕಡೆ ನೋಡಲಿಲ್ಲ. ಬಾಯಿ ತೆರೆದ.

ಒಂದು ತುತ್ತು, ಇನ್ನೊಂದು ತುತ್ತು. ಅಳುವಿನ ನಡುನಡುವೆ ಮೆಲ್ಲಗೆ ಅಗಿದು ನುಂಗಿದ. ತಾಟಿನ ಅರ್ಧ ಖಾಲಿಯಾಯಿತು. ನಾಳೆ ಇದನ್ನೂ ಮರೆತು ಮತ್ತೆ ಬಾಗಿಲು ನೋಡುತ್ತ ಕೂರಬಹುದು. ಕೂತರೆ ಮತ್ತೆ ಅವ್ವನನ್ನು ಎದುರಿಗೆ ತಂದು ಕೂರಿಸಬೇಕು, ಮತ್ತೆ ಅಳಬೇಕು, ಮತ್ತೆ ಉಣಿಸಬೇಕು. ಅಷ್ಟು ಅಳಲು ತನ್ನಿಂದ ಆದೀತು ಎಂದು ನೀಲಗಂಗಾಗೆ ಅನ್ನಿಸಿತು.

ಕಿಟಕಿಯ ಬಿಸಿಲು ಅಷ್ಟರಲ್ಲಿ ಗೋಡೆ ಹತ್ತಿ ಹೋಗಿತ್ತು. ಪಡಸಾಲೆಯಲ್ಲಿ ಮಬ್ಬು ಕವಿಯಿತು. ಹಾಳೆಯ ಮೇಲಿನ ಹಸಿರು ಸೀರೆ ಕಪ್ಪಾಗುತ್ತ ಬಂತು, ಮುಖವೂ ನೆರಳಿಗೆ ಸರಿಯಿತು. ವಿಭೂತಿಯ ಮೂರು ಗೆರೆ ಮಾತ್ರ ಕಡೆಯ ತನಕ ಕಾಣುತ್ತಿದ್ದವು. ಯಾರೂ ಎದ್ದು ಲೈಟು ಹಾಕಲಿಲ್ಲ.

ಅಪ್ಪ ಮುಂದಿನ ತುತ್ತು ತಡೆದು ಮಗಳ ಮುಖ ನೋಡಿದ. ನಿನ್ನೆ ಹಚ್ಚಿದ ಮೇಲೆ ಇವತ್ತೂ ಹಚ್ಚಿಕೊಂಡಿದ್ದ ವಿಭೂತಿ ಅವಳ ಹಣೆಯ ಮೇಲಿತ್ತು. ಅವನು ಒಮ್ಮೆ ಅವಳನ್ನು, ಒಮ್ಮೆ ಹಾಳೆಯನ್ನು ನೋಡಿದ. ಬಾಯಾರ ಎನ್ನಲಿಲ್ಲ.

"ನೀಲಾ, ನೀ ಉಂಡೇನವಾ?" ಎಂದ. ಆಮೇಲೆ ಕಿಟಕಿಯ ಕಡೆ ನೋಡಿ, "ಸಂಜಿ ಆತಲ್ಲ. ದೀಪಾ ಹಚ್ಚು. ನಿಮ್ಮವ್ವ ಕತ್ತಲದಾಗ ಕುಂತಾಳ," ಎಂದ.